ಬೇಲಿಯೇ ಹೊಲವನ್ನು ಮೇಯ್ದಾಗ

ದೇಹವು ಒಂಬತ್ತು ಬಾಗಿಲುಗಳುಳ್ಳ ಪಟ್ಟಣವೆಂಬ ಮಾತು ಈ ದೇಶದಲ್ಲಿ ಬಹು ಹಳೆಯದು. ಪಟ್ಟಣವೆಂದ ಮೇಲೆ ಕೋಟೆಯೂ ಕಾವಲುಗಾರರೂ ಇರಲೇಬೇಕಷ್ಟೆ. ಆ ಕಾವಲುಗಾರರು ಯಾರು, ಎಲ್ಲಿ ಹುಟ್ಟುವರು, ಹಗೆಯನ್ನು ಯಾವ ಗುರುತಿನಿಂದ ಹಿಡಿಯುವರು ಎಂಬುದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿಕೊಟ್ಟ ಕೀರ್ತಿಯು ಕಳೆದ ಸುಮಾರು 150 ವರ್ಷಗಳ ವೈದ್ಯಶಾಸ್ತ್ರಕ್ಕೆ ಸಲ್ಲತಕ್ಕುದು. ರಕ್ತದಲ್ಲಿ ಸಂಚರಿಸುವ ಬಿಳಿಯ ಕಣಗಳೂ, ಅವುಗಳಲ್ಲಿ ಕೆಲವು ತಯಾರಿಸುವ ಪ್ರತಿಕಾಯಗಳೆಂಬ ಸೂಕ್ಷ್ಮದ್ರವ್ಯಗಳೂ ಎಡೆಬಿಡದೆ ಪಹರೆ ನಡೆಸುತ್ತಿರುವುದರಿಂದಲೇ ಮನುಷ್ಯನು ಗಾಳಿ, ನೀರು, ಅನ್ನಗಳ ಮೂಲಕ ದಿನದಿನವೂ ಒಳಹೊಗುವ ಕ್ರಿಮಿಗಳ ನಡುವೆ ಬದುಕಿರುವನು. ಪಹರೆಯು ಸರಿಯಾಗಿ ನಡೆಯುವ ತನಕ ಅದು ಇದೆಯೆಂಬ ಅರಿವೇ ಯಾರಿಗೂ ಇರುವುದಿಲ್ಲ.

ಆದರೆ ಬೇಲಿಯೇ ಎದ್ದು ಹೊಲವನ್ನು ಮೇಯತೊಡಗಿದರೆ ಮಾಡುವುದೇನು? ಒಕ್ಕಲಿಗನು ಈ ಮಾತನ್ನು ಅನ್ಯಾಯದ ಪರಮಾವಧಿಗೆ ಉಪಮೆಯಾಗಿ ಆಡುವನು; ಹೊಲದಲ್ಲಿ ಅದು ನಡೆದುದನ್ನು ಕಂಡವರಿಲ್ಲ. ದೇಹದಲ್ಲಿ ಮಾತ್ರ ಅದು ನಿಜವಾಗಿಯೇ ನಡೆಯುವುದುಂಟು. ಬೇಲಿಯನ್ನು ಕಿತ್ತೆಸೆದರೆ ಊರ ದನಗಳೆಲ್ಲ ನುಗ್ಗುವುವು. ಹಾಗೆಯೇ ಬಿಟ್ಟರೆ ಬೆಳೆಯು ಉಳಿಯದು. ಈ ಇಕ್ಕಟ್ಟಿನಲ್ಲಿ ಧರ್ಮ್ಯವಾದ ದಾರಿ ಯಾವುದು? ಅದನ್ನು ನಿಶ್ಚಯಿಸುವ ಅಧಿಕಾರ ಯಾರದು? ಬೇಲಿಯನ್ನು ತಗ್ಗಿಸಿದ ಮೇಲೆ ಆ ಹೊಲವನ್ನು ಕಾಯತಕ್ಕವರು ಯಾರು? ಒಂದು ಅಪರೂಪದ ರೋಗವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗಳನ್ನು ವಿಚಾರಮಾಡುವುದು ನಿಷ್ಪ್ರಯೋಜಕವಾಗಲಾರದು.

ಇಪ್ಪತ್ತನೆಯ ಶತಮಾನದ ಮೊದಲಿನಲ್ಲಿ ಜರ್ಮನಿಯ ಪಾಲ್ ಏರ್ಲಿಖ್ ಎಂಬ ಮಹಾವಿಜ್ಞಾನಿಯು ಆಡುಗಳ ಮೇಲೆ ಒಂದು ಪರೀಕ್ಷೆಯನ್ನು ನಡೆಸಿದನು. ಒಂದು ಆಡಿಗೆ ಬೇರೆ ಆಡುಗಳ ರಕ್ತವನ್ನು ಚುಚ್ಚಿದಾಗ ಅದು ಆ ಪರರಕ್ತವನ್ನು ಕರಗಿಸುವ ದ್ರವ್ಯವನ್ನು ತನ್ನಲ್ಲಿ ಹುಟ್ಟಿಸಿಕೊಂಡಿತು. ಆದರೆ ತನ್ನ ರಕ್ತವನ್ನು ಕರಗಿಸುವಂತಹುದನ್ನು ಎಂದಿಗೂ ಹುಟ್ಟಿಸಿಕೊಳ್ಳಲಿಲ್ಲ. ಇದನ್ನು ಕಂಡ ಏರ್ಲಿಖನು, ಪ್ರಾಣಿದೇಹವು ತನ್ನ ಮೇಲೆ ತಾನೇ ವಿಷವನ್ನು ಕಾರಲು ಸಹಜವಾಗಿಯೇ ಹೇಸುವುದೆಂದು ಭಾವಿಸಿ, ಆ ಹೇಸಿಕೆಗೆ ಲ್ಯಾಟಿನ್ ಭಾಷೆಯಲ್ಲಿ 'ಹಾರರ್ ಆಟೋಟಾಕ್ಸಿಕಸ್' ಎಂದು ಹೆಸರಿಟ್ಟನು. ಸುಂದರವಾದ ವಿಚಾರ. ಸೃಷ್ಟಿಯಲ್ಲಿ ಒಂದು ನೀತಿಯಿದೆ, ತನ್ನವರನ್ನು ತಾನು ಕೊಲ್ಲಬಾರದೆಂಬ ಕಟ್ಟಳೆಯು ರಕ್ತದ ಹನಿಯಲ್ಲಿಯೂ ಬರೆದಿದೆ ಎಂದು ನಂಬುವುದಕ್ಕೆ ಯಾರ ಮನಸ್ಸು ತಾನೆ ಒಪ್ಪದು! 1908ರಲ್ಲಿ ಮೆಚ್ನಿಕಾಫನೊಡನೆ ನೊಬೆಲ್ ಪಾರಿತೋಷಿಕವನ್ನು ಪಡೆದ ಆ ಮಹನೀಯನ ಮಾತಿನ ಗೌರವದಿಂದಲೋ ಏನೋ, ಅದಕ್ಕೆ ವಿರುದ್ಧವಾದ ಸಾಕ್ಷ್ಯವು ಕಣ್ಣೆದುರಿಗೆ ಬಂದಾಗಲೂ ವೈದ್ಯಲೋಕವು ಬಹುಕಾಲ ಅದನ್ನು ಸರಿಯಾಗಿ ಗಮನಿಸಲಿಲ್ಲ. ಕಟ್ಟಳೆಯು ಇರುವುದು ನಿಜ. ಅದು ಮುರಿಯುವುದೂ ಅಷ್ಟೇ ನಿಜ.

ಮುರಿದಾಗ ಏನಾಗುವುದೆಂಬುದಕ್ಕೆ ಸಣ್ಣ ರಕ್ತನಾಳಗಳ ಒಂದು ಉರಿಯೂತವು ನಿದರ್ಶನ. ಅದಕ್ಕೆ ಇಂದು ವೈದ್ಯರು ಕೊಡುವ ಹೆಸರು 'ಗ್ರ್ಯಾನುಲೊಮಾಟೋಸಿಸ್ ವಿತ್ ಪಾಲಿಆಂಜೈಟಿಸ್'. ಬಾಯಿಗೆ ಬಾರದ ಹೆಸರು. ರೋಗವು ಮಾತ್ರ ಬಹು ಸಾಧಾರಣವಾದ ವೇಷದಲ್ಲಿ ಬರುತ್ತದೆ: ಬಿಡದ ನೆಗಡಿ, ಮೂಗಿನಲ್ಲಿ ಹೆಕ್ಕಳಿಕೆ, ಆಗಾಗ ರಕ್ತ, ಕಿವಿ ಮಂದವಾಗುವುದು, ಕೀಲುನೋವು. ಮನೆಯವರು ಕಷಾಯವನ್ನು ಕೊಡುವರು. ಊರ ಡಾಕ್ಟರು ನೆಗಡಿಯ ಮಾತ್ರೆಯನ್ನು ಬರೆದುಕೊಡುವರು. ಕೆಲವು ತಿಂಗಳಾದ ಮೇಲೆ ಕೆಮ್ಮಿನಲ್ಲಿ ರಕ್ತವು ಕಾಣಿಸಿಕೊಳ್ಳುವುದು. ಶ್ವಾಸಕೋಶದ ಚಿತ್ರದಲ್ಲಿ ಗುಳಿಗಳು ಕಾಣುವುವು. ಭಾರತದಂತಹ ದೇಶದಲ್ಲಿ ಇದನ್ನು ಕ್ಷಯವೆಂದು ತಿಳಿದು ತಿಂಗಳುಗಟ್ಟಲೆ ಕ್ಷಯದ ಮದ್ದನ್ನೇ ಕೊಡುವ ಪ್ರಮಾದವು ಅಪರೂಪವಲ್ಲ. ಅಷ್ಟರಲ್ಲಿ ಮೂತ್ರಪಿಂಡಗಳು, ನೋವು ಗೀವು ಯಾವುದನ್ನೂ ತೋರಿಸದೆ, ಸದ್ದಿಲ್ಲದೆ ಕೆಡುತ್ತಿರುವುವು.

ಒಳಗೆ ನಡೆಯುವುದೇನೆಂದರೆ, ಕ್ರಿಮಿಗಳನ್ನು ಕೊಲ್ಲುವುದಕ್ಕಾಗಿ ಬಿಳಿಯ ಕಣಗಳಲ್ಲಿ ಒಂದು ಬಗೆಯವು ತಮ್ಮ ಚೀಲಗಳಲ್ಲಿ ತೀಕ್ಷ್ಣವಾದ ದ್ರವ್ಯಗಳನ್ನು ತುಂಬಿಕೊಂಡಿರುವುವು. ದೇಹದ ಪ್ರತಿಕಾಯಗಳೇ ಆ ದ್ರವ್ಯಗಳಲ್ಲೊಂದನ್ನು ಹಗೆಯೆಂದು ತಪ್ಪಾಗಿ ಗುರುತಿಸಿ ಆ ಕಣಗಳಿಗೆ ಅಂಟಿಕೊಳ್ಳುವುವು. ಕಣಗಳು ಕೆರಳಿ, ರಕ್ತನಾಳದ ಗೋಡೆಯ ಬಳಿಯಲ್ಲಿಯೇ ತಮ್ಮ ಚೀಲಗಳನ್ನು ಬಿಚ್ಚಿ ಸುರಿಯುವುವು. ಗೋಡೆಯು ಸುಟ್ಟುಹೋಗುತ್ತದೆ. ಸೈನಿಕನು ಸೈನಿಕನನ್ನು ಕೆಣಕಲು, ಇಬ್ಬರ ಜಗಳದಲ್ಲಿ ಬೀದಿಯ ಮನೆಗಳಿಗೆ ಬೆಂಕಿ ಬಿದ್ದಂತೆ. ಈ ಪ್ರತಿಕಾಯಗಳ ಇರವು ತಿಳಿದುದು 1982ರಿಂದೀಚೆಗೆ. ಅವಕ್ಕೂ ಈ ರೋಗಕ್ಕೂ ಇರುವ ನಂಟು ಸ್ಪಷ್ಟವಾದುದು 1985ರಲ್ಲಿ.

ಈ ರೋಗಕ್ಕೆ ಹಿಂದೆ ಇದ್ದ ಹೆಸರಿನ ಕಥೆಯೂ ಇಲ್ಲಿ ಎರಡು ಮಾತಿಗೆ ಯೋಗ್ಯವಾಗಿದೆ. 1936 ಮತ್ತು 1939ರಲ್ಲಿ ಇದನ್ನು ವಿವರಿಸಿದ ಫ್ರೀಡ್ರಿಖ್ ವೇಗನರ್ ಎಂಬ ಜರ್ಮನ್ ವೈದ್ಯನ ಹೆಸರಿನಿಂದಲೇ ಅದನ್ನು ದಶಕಗಳ ಕಾಲ ಕರೆಯುತ್ತಿದ್ದರು. ಆತನು ನಾಜಿ ಪಕ್ಷದ ಸದಸ್ಯನಾಗಿದ್ದನೆಂಬ ಸಂಗತಿಯು 2006ರಲ್ಲಿ ಪ್ರಕಟವಾದ ಮೇಲೆ, 2011ರಲ್ಲಿ ವೈದ್ಯಸಂಘಗಳು ಆ ಹೆಸರನ್ನು ಕೈಬಿಟ್ಟುವು. ತನ್ನವರು ಯಾರು, ಪರರು ಯಾರು ಎಂಬ ಭೇದವನ್ನು ರಾಷ್ಟ್ರಶರೀರಕ್ಕೆ ಅನ್ವಯಿಸಿ, ಒಡಹುಟ್ಟಿದ ನೆರೆಯವರನ್ನೇ ಕ್ರಿಮಿಗಳೆಂದು ಕರೆದು ಸುಟ್ಟುಹಾಕಿದ ಪಕ್ಷವದು. ದೇಹದ ಉಪಮೆಯನ್ನು ಸಮಾಜಕ್ಕೆ ಕೊಂಡೊಯ್ಯುವವರು ಎಷ್ಟು ಎಚ್ಚರದಿಂದಿರಬೇಕೆಂಬುದಕ್ಕೆ ಬೇರೆ ನಿದರ್ಶನ ಬೇಡ. ಪ್ರಕೃತ ಲೇಖನದಲ್ಲಿ ಉಪಮೆಯು ಸಮಾಜದಿಂದ ದೇಹಕ್ಕೆ ಬಂದಿದೆಯೇ ಹೊರತು ದೇಹದಿಂದ ಸಮಾಜಕ್ಕೆ ಹೋಗುವುದಿಲ್ಲ.

1958ರಲ್ಲಿ ವಾಲ್ಟನ್ ಎಂಬ ಇಂಗ್ಲಿಷ್ ವೈದ್ಯನು 56 ಮಂದಿ ರೋಗಿಗಳ ವೃತ್ತಾಂತವನ್ನು ಒಟ್ಟುಗೂಡಿಸಿ ನೋಡಿದಾಗ, ರೋಗವು ತಿಳಿದ ಮೇಲೆ ಅವರು ಬದುಕಿದ ಕಾಲವು ಸರಾಸರಿಯಲ್ಲಿ 5 ತಿಂಗಳು. ಒಂದು ವರ್ಷದೊಳಗೆ ನೂರಕ್ಕೆ 82 ಮಂದಿ ತೀರಿಕೊಂಡಿದ್ದರು. ಆ ವೇಳೆಗೆ ಬಳಕೆಗೆ ಬಂದಿದ್ದ ಕಾರ್ಟಿಸೋನ್ ವರ್ಗದ ಔಷಧಗಳು ಮರಣವನ್ನು ಕೆಲವು ತಿಂಗಳು ಮುಂದೂಡಿದುವೇ ಹೊರತು ತಪ್ಪಿಸಲಿಲ್ಲ. ಇಂತಹ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತ ವೈದ್ಯನಿಗೆ, ಹೇಗಾದರೂ ಸರಿ, ಬೇಲಿಗೆ ಬೆಂಕಿಯಿಟ್ಟಾದರೂ ಸರಿ, ಹೊಲವನ್ನು ಉಳಿಸಿಕೊಳ್ಳಬೇಕೆಂದು ತೋರಿದರೆ ಅದರಲ್ಲಿ ಆಶ್ಚರ್ಯವೇನು?

ಆ ಬೆಂಕಿಯು ಬಂದುದು ಯುದ್ಧಭೂಮಿಯಿಂದ. 1917ರಲ್ಲಿ ಬೆಲ್ಜಿಯಮ್ಮಿನ ಈಪ್ರ್ ಎಂಬಲ್ಲಿ ಜರ್ಮನ್ ಸೈನ್ಯವು ಮೊದಲಬಾರಿಗೆ ಬಳಸಿದ ಸಾಸಿವೆಯನಿಲವು ಸೈನಿಕರ ಚರ್ಮವನ್ನೂ ಕಣ್ಣುಗಳನ್ನೂ ಸುಟ್ಟುದಲ್ಲದೆ, ಸತ್ತವರ ರಕ್ತದಲ್ಲಿ ಬಿಳಿಯ ಕಣಗಳೇ ಇಲ್ಲದಂತೆ ಮಾಡಿತ್ತು. ಕೊಲ್ಲುವ ಈ ಗುಣವನ್ನೇ ಹಿಡಿದುಕೊಂಡು, ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಗುಡ್‌ಮನ್ ಮತ್ತು ಗಿಲ್ಮನ್ ಎಂಬವರು 1942ರಲ್ಲಿ ಅದರ ಸೋದರದ್ರವ್ಯವೊಂದನ್ನು ರಕ್ತದ ಅರ್ಬುದಕ್ಕೆ ಔಷಧವಾಗಿ ಪ್ರಯೋಗಿಸಿದರು. 1950ರ ದಶಕದಲ್ಲಿ ಜರ್ಮನಿಯಲ್ಲಿ ತಯಾರಾದ ಸೈಕ್ಲೊಫಾಸ್ಫಮೈಡ್ ಎಂಬುದು ಅದೇ ಕುಲದ ಮದ್ದು. ಅಮೆರಿಕದ ಬೆಥೆಸ್ಡಾದಲ್ಲಿ ಆಂಟನಿ ಫೌಚಿ, ಶೆಲ್ಡನ್ ವುಲ್ಫ್ ಮೊದಲಾದವರು ಅದನ್ನು ಕಾರ್ಟಿಸೋನ್ ವರ್ಗದ ಮದ್ದಿನೊಡನೆ ಈ ರೋಗಿಗಳಿಗೆ ಕೊಟ್ಟು, 1983ರಲ್ಲಿ ತಮ್ಮ 85 ಮಂದಿಯ ಫಲಿತಾಂಶವನ್ನು ಪ್ರಕಟಿಸಿದರು: ನೂರಕ್ಕೆ 93 ಮಂದಿಯಲ್ಲಿ ರೋಗವು ಪೂರ್ಣವಾಗಿ ಅಡಗಿತ್ತು. ಸಾವಿನ ಬಾಯಿಯಿಂದ ಜನರನ್ನು ಎಳೆದು ತಂದಂತಾಯಿತು.

ಒಂಬತ್ತು ವರ್ಷಗಳ ತರುವಾಯ, 1992ರಲ್ಲಿ, ಅದೇ ಸಂಸ್ಥೆಯವರು 158 ಮಂದಿಯ ಕಥೆಯನ್ನು ಮತ್ತೊಮ್ಮೆ ಹೇಳಿದರು. ಈ ಎರಡನೆಯ ವರದಿಯು ಮೊದಲನೆಯದಕ್ಕಿಂತ ಹೆಚ್ಚು ಗೌರವಾರ್ಹವಾದುದು. ಏಕೆಂದರೆ ತಮ್ಮ ಗೆಲುವಿನ ಬೆಲೆಯನ್ನು ತಾವೇ ಲೆಕ್ಕಹಾಕಿ ಬಹಿರಂಗಪಡಿಸುವವರು ಲೋಕದಲ್ಲಿ ಕಡಿಮೆ. ರೋಗವು ತಗ್ಗಿದವರು ಬಹುಮಂದಿಯೇನೋ ಹೌದು. ಆದರೆ ಪೂರ್ಣವಾಗಿ ಅಡಗಿದವರಲ್ಲಿ ಅರ್ಧದಷ್ಟು ಮಂದಿಗೆ ಅದು ಮರಳಿತ್ತು. ನೂರಕ್ಕೆ 46 ಮಂದಿಗೆ ಭಾರಿಯಾದ ಸೋಂಕುಗಳು ತಗಲಿದ್ದುವು. 42 ಮಂದಿಗೆ ಚಿಕಿತ್ಸೆಯಿಂದಲೇ ಶಾಶ್ವತವಾದ ಕೇಡು ಉಂಟಾಗಿತ್ತು: ಮೂತ್ರಕೋಶದ ರಕ್ತಸ್ರಾವ, ಕೆಲವರಿಗೆ ಅಲ್ಲಿಯೇ ಅರ್ಬುದ, ಹೆಂಗಸರಲ್ಲಿ ಬಂಜೆತನ.

ಇಲ್ಲಿ ಮೊದಲ ನೈತಿಕ ಪ್ರಶ್ನೆಯು ಏಳುತ್ತದೆ. 26 ವರ್ಷದ ಒಬ್ಬ ಗೃಹಿಣಿಯನ್ನು ವಾಚಕರು ಊಹಿಸಿಕೊಳ್ಳಬಹುದು. ಮದುವೆಯಾಗಿ ಮೂರು ವರ್ಷ, ಮಕ್ಕಳಾಗಿಲ್ಲ. ಮೂತ್ರಪಿಂಡಗಳು ಕೆಡುತ್ತಿವೆ. ಆಸ್ಪತ್ರೆಯ ಕೊಠಡಿಯಲ್ಲಿ ವೈದ್ಯರು ಔಷಧದ ವಿಷಯವನ್ನು ವಿವರಿಸುತ್ತಿರುವುದು ಯಾರಿಗೆ? ಗಂಡನಿಗೆ, ಮಾವನವರಿಗೆ, ಊರಿನಿಂದ ಓಡಿಬಂದ ತಂದೆಗೆ. ಆಕೆಯು ಪಕ್ಕದ ಕೊಠಡಿಯಲ್ಲಿ ಮಲಗಿದ್ದಾಳೆ. "ಆಕೆಗೆ ಏಕೆ ಹೇಳಬೇಕು? ಎದೆಗೆಟ್ಟಾಳು" ಎಂದು ತಂದೆಯ ವಾತ್ಸಲ್ಯ. "ಜೀವ ಉಳಿದರೆ ಸಾಕು" ಎಂದು ಗಂಡನ ಮಾತು. "ಮಕ್ಕಳ ಮಾತು ಆಮೇಲೆ" ಎನ್ನುತ್ತ ಮಾವನವರು ಬೇರೆ ಏನನ್ನೋ ಯೋಚಿಸುತ್ತಿರಬಹುದು. ಇವರಲ್ಲಿ ಯಾರೂ ಕೆಟ್ಟವರಲ್ಲ. ಆದರೂ ಅಲ್ಲಿ ನಡೆಯುತ್ತಿರುವುದು ಅಧರ್ಮವೇ. ಜೀವವು ದೊಡ್ಡದೋ ತಾಯ್ತನವು ದೊಡ್ಡದೋ ಎಂಬ ಪ್ರಶ್ನೆಗೆ ಉತ್ತರವು ಬಹುಮಟ್ಟಿಗೆ ಒಂದೇ ಆಗಿದ್ದರೂ, ಆ ಉತ್ತರವನ್ನು ಕೊಡತಕ್ಕ ಬಾಯಿ ಆಕೆಯದು. ಅಂಡಗಳನ್ನು ಮೊದಲೇ ತೆಗೆದು ಕಾಪಾಡಿಡುವ ಉಪಾಯವುಂಟು. ಆ ಕುಲದ ವಿಷವಲ್ಲದ ಬೇರೆ ಮದ್ದೂ ಈಗ ಉಂಟು. ಕೇಳಿದವಳಿಗೆ ಮಾತ್ರ ಅವು ದೊರೆಯುವುವು. ಕೇಳುವುದಕ್ಕೆ ಮೊದಲು ತಿಳಿದಿರಬೇಕು. ಕರುಣೆಯಿಂದ ಮುಚ್ಚಿಟ್ಟ ಸತ್ಯವು ಆಕೆಯ ಮುಂದಿದ್ದ ದಾರಿಗಳನ್ನೂ ಮುಚ್ಚಿತೆಂಬುದು ಹತ್ತು ವರ್ಷಗಳ ಮೇಲೆ ತಿಳಿದರೆ, ಆಗ ಯಾವ ವಾತ್ಸಲ್ಯವು ಉತ್ತರ ಹೇಳೀತು?

ಇಂತಹ ಮನೆಗಳಲ್ಲಿ ಕೇಳಿಬರುವ ಇನ್ನೊಂದು ಮಾತುಂಟು: "ಯಾವ ಜನ್ಮದ ಪಾಪವೋ!" ಹೊರಗಿನ ಕ್ರಿಮಿಯು ಬಂದು ಕಚ್ಚಿದರೆ ಅದನ್ನು ಬೈಯಬಹುದು, ತನ್ನ ದೇಹವೇ ತನ್ನನ್ನು ತಿನ್ನುತ್ತಿದೆಯೆಂದರೆ ರೋಗಿಯು ಬೈಯುವುದು ಯಾರನ್ನು? ತನ್ನನ್ನೇ. ಆದರೆ ತಪ್ಪುಮಾಡಿದ ಕಾವಲುಗಾರನು ದ್ರೋಹಿಯಲ್ಲ, ಭ್ರಾಂತನು. ಹುಟ್ಟಿನಿಂದ ಬಂದ ಕೆಲವು ವಂಶವಾಹಿಗಳು, ಮೂಗಿನಲ್ಲಿ ಮನೆಮಾಡಿಕೊಂಡ ಒಂದು ಬಗೆಯ ಕ್ರಿಮಿ, ಕಲ್ಲುಪುಡಿಯ ಧೂಳು, ಇವುಗಳ ನಂಟನ್ನು ಸಂಶೋಧಕರು ಗುರುತಿಸಿರುವರು. ಇವುಗಳಲ್ಲಿ ಯಾವುದೂ ಯಾರ ಶೀಲದ ಮೇಲೂ ತೀರ್ಪು ಕೊಡುವುದಿಲ್ಲ. ಕರ್ಮಸಿದ್ಧಾಂತವನ್ನು ಆಳವಾಗಿ ನಂಬಿದವರು ಕೂಡ ಅದನ್ನು ತಮ್ಮ ಸಹನೆಗೆ ಆಧಾರವಾಗಿ ಇಟ್ಟುಕೊಳ್ಳಬಹುದೇ ಹೊರತು, ಮಲಗಿದವನ ಮೇಲೆ ಆರೋಪಪಟ್ಟಿಯಾಗಿ ಓದತಕ್ಕುದಲ್ಲ.

ಕಾವಲುಗಾರನು ದ್ರೋಹಿಯೋ ಭ್ರಾಂತನೋ ಎಂಬ ಈ ಭೇದವು ಬರಿಯ ಮಾತಿನ ಭೇದವಲ್ಲ. ಶಿಕ್ಷೆಯ ಪ್ರಮಾಣವು ಇದನ್ನೇ ಅವಲಂಬಿಸಿದೆ. ಮೈಸೂರಿನ ಪ್ರಾಚ್ಯಪುಸ್ತಕಾಲಯದಲ್ಲಿ ಶಾಮಶಾಸ್ತ್ರಿಗಳ ಕೈಗೆ 1905ರಲ್ಲಿ ದೊರೆತು, 1909ರಲ್ಲಿ ಅಚ್ಚಾಗಿ ಲೋಕಪ್ರಸಿದ್ಧವಾದ ಅರ್ಥಶಾಸ್ತ್ರದಲ್ಲಿ ಕೌಟಿಲ್ಯನು ದಂಡದ ಮೂರು ಬಗೆಗಳನ್ನು ಹೇಳುವನು. ತೀಕ್ಷ್ಣವಾದ ದಂಡದಿಂದ ಪ್ರಜೆಗಳು ತಲ್ಲಣಿಸುವರು. ಮೃದುವಾದುದರಿಂದ ಅರಸನು ತಿರಸ್ಕಾರಕ್ಕೆ ಪಾತ್ರನಾಗುವನು. ತಕ್ಕಷ್ಟು ದಂಡವನ್ನು ವಿಧಿಸುವವನೇ ಪೂಜ್ಯನು. ಅರಸರಿಗಾಗಿ ಬರೆದ ಈ ಮಾತು ವೈದ್ಯರಿಗೆ ಇನ್ನೂ ಹೆಚ್ಚಾಗಿ ಒಪ್ಪುವಂತಿದೆ. ಸೈಕ್ಲೊಫಾಸ್ಫಮೈಡ್ ತೀಕ್ಷ್ಣದಂಡ, ಅದು ತಪ್ಪಿತಸ್ಥನನ್ನೂ ನಿರಪರಾಧಿಯನ್ನೂ, ಕಾವಲುಗಾರನನ್ನೂ ತೊಟ್ಟಿಲ ಕೂಸನ್ನೂ ಒಂದೇ ಕತ್ತಿಯಿಂದ ಕಡಿಯುವುದು.

ತಕ್ಕಷ್ಟು ದಂಡದ ಕಡೆಗೆ ಒಂದು ಹೆಜ್ಜೆಯನ್ನು ಇಡುವುದಕ್ಕೆ ದೇಹದ ಕಾವಲಿನ ವಿದ್ಯೆಯೇ ಸಹಾಯವಾಯಿತು. ಒಂದೇ ಗುರುತನ್ನು ಹಿಡಿಯುವ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ಕ್ರಮವನ್ನು 1975ರಲ್ಲಿ ಕೇಂಬ್ರಿಜ್ಜಿನ ಕೋಲರ್ ಮತ್ತು ಮಿಲ್‌ಸ್ಟೈನ್ ಕಂಡುಹಿಡಿದರು. ಆ ಕ್ರಮದ ಫಲಗಳಲ್ಲಿ ಒಂದು ರಿಟುಕ್ಸಿಮ್ಯಾಬ್ ಎಂಬ ಮದ್ದು. ಇದು ಸ್ವತಃ ಒಂದು ಪ್ರತಿಕಾಯ. ಸ್ವಲ್ಪ ಭಾಗ ಇಲಿಯದು, ಅರ್ಧಕ್ಕಿಂತ ಹೆಚ್ಚು ಮನುಷ್ಯನದು. ಪ್ರತಿಕಾಯಗಳನ್ನು ತಯಾರಿಸುವ 'ಬಿ' ವರ್ಗದ ಬಿಳಿಯ ಕಣಗಳ ಮೈಮೇಲಿರುವ ಒಂದು ಮುದ್ರೆಯನ್ನು ಮಾತ್ರ ಇದು ಗುರುತಿಸಿ, ಆ ಕಣಗಳನ್ನು ಇಲ್ಲವಾಗಿಸುವುದು. ರಕ್ತದ ಅರ್ಬುದಕ್ಕಾಗಿ ಅಮೆರಿಕದಲ್ಲಿ 1997ರಲ್ಲಿ ಒಪ್ಪಿಗೆ ಪಡೆದ ಇದನ್ನು, ಸೈಕ್ಲೊಫಾಸ್ಫಮೈಡಿನೊಡನೆ ಹೋಲಿಸಿ 197 ಮಂದಿಯಲ್ಲಿ ಪರೀಕ್ಷಿಸಿದ ವರದಿಯು 2010ರಲ್ಲಿ ಪ್ರಕಟವಾಯಿತು. ಆರು ತಿಂಗಳ ಕೊನೆಗೆ ಹೊಸ ಮದ್ದಿನವರಲ್ಲಿ ನೂರಕ್ಕೆ 64 ಮಂದಿಯೂ, ಹಳೆಯ ಮದ್ದಿನವರಲ್ಲಿ 53 ಮಂದಿಯೂ ಸ್ವಸ್ಥರಾಗಿದ್ದರು. 2011ರಲ್ಲಿ ಈ ರೋಗಕ್ಕೂ ಅದಕ್ಕೆ ಒಪ್ಪಿಗೆ ದೊರೆಯಿತು. ವಿಷಕ್ಕೆ ಪ್ರತಿಕಾಯವು ಸಮವಾಗಿ ನಿಂತಿತು.

ಈ ಮದ್ದಿನ ನಡತೆಯಲ್ಲಿ ಒಂದು ವಿಶೇಷವುಂಟು. ಅದು ಹುಡುಕುವ ಮುದ್ರೆಯು ಮಜ್ಜೆಯಲ್ಲಿರುವ ಮೂಲಬೀಜಗಳ ಮೇಲೆ ಇಲ್ಲ. ಬಹುಕಾಲದಿಂದ ನೆಲೆನಿಂತು ಹಳೆಯ ರೋಗಗಳಿಗೆ ಪ್ರತಿಕಾಯಗಳನ್ನು ಸುರಿಸುತ್ತಿರುವ ಮುದಿಕಣಗಳ ಮೇಲೆಯೂ ಇಲ್ಲ. ಆದುದರಿಂದ ಬೀಜವೂ ಉಳಿಯುವುದು, ಹಿರಿಯರ ನೆನಪೂ ಬಹುಮಟ್ಟಿಗೆ ಉಳಿಯುವುದು. ನಡುವಿನ ಪೀಳಿಗೆಯು ಮಾತ್ರ ಕೆಲವು ತಿಂಗಳ ಕಾಲ ರಕ್ತದಲ್ಲಿ ಕಾಣೆಯಾಗುವುದು. ಹಾಗೆಂದು ಇದನ್ನು ನಿರಪಾಯವೆಂದು ತಿಳಿಯಬಾರದು. ಅದೇ 2010ರ ಪರೀಕ್ಷೆಯಲ್ಲಿ ಎರಡು ಗುಂಪುಗಳಲ್ಲಿಯೂ ಒಟ್ಟಾರೆ ತೊಂದರೆಗಳು ಹೆಚ್ಚುಕಡಮೆ ಸಮನಾಗಿಯೇ ಇದ್ದುವು. ಕತ್ತಿಯು ಸಣ್ಣದಾಯಿತೆಂದ ಮಾತ್ರಕ್ಕೆ ಗಾಯವಾಗುವುದಿಲ್ಲವೆಂದಲ್ಲ.

ಔಷಧಕ್ಕಿಂತ ಹೆಚ್ಚಾಗಿ ವಿಚಾರಮಾಡತಕ್ಕುದು ವೈದ್ಯನ ಭಯವನ್ನು. ಈ ರೋಗದಲ್ಲಿ ಕಾರ್ಟಿಸೋನ್ ವರ್ಗದ ಮದ್ದನ್ನು ದೊಡ್ಡ ಪ್ರಮಾಣದಲ್ಲಿ ತಿಂಗಳುಗಟ್ಟಲೆ ಕೊಡುವುದು ದಶಕಗಳ ವಾಡಿಕೆ. ಏಕೆ ಅಷ್ಟು? ಕಡಿಮೆಮಾಡಿದರೆ ರೋಗವು ಮರಳೀತೆಂಬ ಅಂಜಿಕೆ. ಕಡಿಮೆಮಾಡಿ ನೋಡಿದವರು ಯಾರು? ಬಹುಕಾಲ ಯಾರೂ ಇಲ್ಲ. ಕೊನೆಗೆ ಹಲವು ದೇಶಗಳ 704 ಮಂದಿಯಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಆರು ತಿಂಗಳಿಗೆ ವಾಡಿಕೆಯ ಪ್ರಮಾಣದ ನೂರಕ್ಕೆ ಸುಮಾರು 60 ಭಾಗವನ್ನು ಮಾತ್ರ ಕೊಟ್ಟವರಲ್ಲಿಯೂ ಸಾವು ಮತ್ತು ಮೂತ್ರಪಿಂಡದ ನಾಶ ಹೆಚ್ಚಾಗಲಿಲ್ಲವೆಂದೂ, ಮೊದಲ ವರ್ಷದ ಭಾರಿ ಸೋಂಕುಗಳು ಕಡಿಮೆಯಾದುವೆಂದೂ ತಿಳಿದುಬಂದಿತು. ಹಾಗಾದರೆ ಅದಕ್ಕೆ ಮೊದಲು ಆ ಹೆಚ್ಚಿನ ಭಾಗದಿಂದ ಸೋಂಕು ತಗಲಿ ಹೋದವರ ಲೆಕ್ಕವನ್ನು ಯಾರ ಖಾತೆಗೆ ಬರೆಯತಕ್ಕುದು? ಬೈಯುವುದು ಸುಲಭ, ಆದರೆ ನ್ಯಾಯವಲ್ಲ. ರೋಗಿಯು ಕಣ್ಣೆದುರಿಗೆ ಸಾಯುತ್ತಿರುವಾಗ ಮದ್ದನ್ನು ಕಡಿಮೆ ಕೊಡುವುದಕ್ಕೆ ಹೆಚ್ಚು ಕೊಡುವುದಕ್ಕಿಂತ ದೊಡ್ಡ ಧೈರ್ಯ ಬೇಕು. ತನಗೆ ತಿಳಿಯದೆಂದು ಒಪ್ಪಿಕೊಂಡು, ರೋಗಿಗೂ ಹಾಗೆಯೇ ಹೇಳಿ, ಅವನ ಸಮ್ಮತಿಯಿಂದ ಎರಡು ದಾರಿಗಳನ್ನೂ ಅಳೆದು ನೋಡುವ ವೈದ್ಯನನ್ನು ಜನರು ಕೆಲವೊಮ್ಮೆ "ನಮ್ಮ ಮೇಲೆ ಪ್ರಯೋಗ ಮಾಡುತ್ತಾನೆ" ಎಂದು ದೂರುವರು. ಅಳೆಯದೆಯೇ ವಾಡಿಕೆಯನ್ನು ನಡೆಸುವವನು ಮಾಡುತ್ತಿರುವುದೂ ಪ್ರಯೋಗವೇ. ಅದರ ಫಲಿತಾಂಶವನ್ನು ಅವನು ಬರೆದಿಡುವುದಿಲ್ಲ, ಅಷ್ಟೇ ವ್ಯತ್ಯಾಸ.

ಇಷ್ಟೆಲ್ಲ ಎಚ್ಚರದಿಂದ ಮಾಡಿದರೂ ಬೇಲಿಯು ತಗ್ಗಿದ್ದು ತಗ್ಗಿದ್ದೇ. ಈಗ ಕೊನೆಯ ಪ್ರಶ್ನೆ: ಆ ಹೊಲವನ್ನು ಕಾಯತಕ್ಕವರು ಯಾರು?

ಸ್ವಲ್ಪವನ್ನು ವೈದ್ಯನು ಕಾಯಬಲ್ಲನು. ಮೈಯಲ್ಲಿ ಅಡಗಿ ಮಲಗಿರುವ ಕ್ಷಯವೋ ಯಕೃತ್ತಿನ ಬಿ ವರ್ಗದ ಸೋಂಕೋ ಇದೆಯೇ ಎಂದು ಮೊದಲೇ ಪರೀಕ್ಷಿಸುವನು. ಏಕೆಂದರೆ ಪಹರೆಯು ಸಡಿಲವಾದೊಡನೆ ಅವು ಎದ್ದು ಕುಳಿತುಕೊಳ್ಳುವುವು. ಶ್ವಾಸಕೋಶದ ಒಂದು ಬಗೆಯ ಶಿಲೀಂಧ್ರಕ್ಕೆ ಎದುರಾಗಿ ದಿನವೂ ಒಂದು ಮಾತ್ರೆಯನ್ನು ಕೊಡುವನು. ಸಾಧ್ಯವಾದಲ್ಲಿ ಲಸಿಕೆಗಳನ್ನು ಚಿಕಿತ್ಸೆಗೆ ಮೊದಲೇ ಹಾಕಿಸುವನು. ಆದರೆ ಹೊಸ ರೋಗವೊಂದು ಊರಿಗೆ ಬಂದರೆ? 2020 ಮತ್ತು 2021ರ ಕೊರೋನಾ ಮಾರಿಯ ಕಾಲದಲ್ಲಿ ರಿಟುಕ್ಸಿಮ್ಯಾಬ್ ಪಡೆದವರ ದೇಹವು ಲಸಿಕೆಗೆ ತಕ್ಕ ಪ್ರತಿಕಾಯಗಳನ್ನು ಬಹಳ ಕಡಿಮೆಯಾಗಿ ತಯಾರಿಸಿತು. ಅನೇಕರಲ್ಲಿ ಏನೂ ಹುಟ್ಟಲಿಲ್ಲ. ಪ್ರತಿಕಾಯವನ್ನು ಹುಟ್ಟಿಸತಕ್ಕ ಪೀಳಿಗೆಯೇ ಇಲ್ಲದಿರುವಾಗ ಲಸಿಕೆಯು ಪಾಠವನ್ನು ಹೇಳುವುದು ಯಾರಿಗೆ? ಅವರಿಗೆ ಉಳಿದ ರಕ್ಷಣೆಯೆಂದರೆ ಸುತ್ತಲಿನವರು ರೋಗವನ್ನು ಹೊತ್ತು ತಾರದಿರುವುದೊಂದೇ.

ಇನ್ನು ಕೆಲವರಲ್ಲಿ ವರ್ಷಗಟ್ಟಲೆಯ ಚಿಕಿತ್ಸೆಯಿಂದ ಹಳೆಯ ಪ್ರತಿಕಾಯಗಳೂ ಕ್ಷೀಣಿಸಿ, ಪದೇಪದೇ ಸೋಂಕುಗಳು ತಗಲುವುವು. ಆಗ ಬೇರೆಯವರ ಪ್ರತಿಕಾಯಗಳನ್ನೇ ರಕ್ತಕ್ಕೆ ಹಾಯಿಸಬೇಕಾಗುವುದು. ಒಂದೊಂದು ಸೀಸೆಯೂ ಸಾವಿರಾರು ಜನರು ಕೊಟ್ಟ ರಕ್ತದ್ರವವನ್ನು ಕೂಡಿಸಿ, ಶೋಧಿಸಿ ಮಾಡಿದುದು. ಆ ಸಾವಿರಾರು ಮಂದಿ ಎಂದೋ ಪಟ್ಟ ಜ್ವರಗಳು, ಬಾಲ್ಯದಲ್ಲಿ ಅವರಿಗೆ ಹಾಕಿಸಿದ ಲಸಿಕೆಗಳು, ಅವರ ಮೈ ಕಲಿತ ಪಾಠಗಳು ಎಲ್ಲವೂ ಆ ತಿಳಿನೀರಿನಲ್ಲಿವೆ. ಪರಿಚಯವಿಲ್ಲದವರ ನೆನಪುಗಳಿಂದ ಒಬ್ಬನು ಬದುಕುತ್ತಾನೆ. 'ತಾನು' ಮತ್ತು 'ಪರ' ಎಂಬ ಗೆರೆಯ ಮೇಲೆ ಕಟ್ಟಿದ ಶಾಸ್ತ್ರವು, ತಾನು ಕೈಕೊಟ್ಟಾಗ ಪರನು ಕಾಯ್ದನು ಎಂಬಲ್ಲಿಗೆ ಬಂದು ನಿಲ್ಲುವುದನ್ನು ಏರ್ಲಿಖನು ನೋಡಿದ್ದರೆ ಏನೆನ್ನುತ್ತಿದ್ದನೋ!

ಇದಕ್ಕೆ ಒಂದು ಆಕ್ಷೇಪವು ಬರಬಹುದು. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಯುರೋಪಿನ ಲೆಕ್ಕಗಳ ಪ್ರಕಾರ ಈ ರೋಗವು ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಹತ್ತರ ಆಸುಪಾಸಿನವರಿಗೆ ಹೊಸದಾಗಿ ಬರತಕ್ಕುದು. ಇಷ್ಟು ಅಲ್ಪಸಂಖ್ಯೆಯವರಿಗಾಗಿ ಊರೆಲ್ಲ ತನ್ನ ನಡೆಯನ್ನು ಬದಲಿಸಬೇಕೆ? ನೆಗಡಿಯಾದ ಪ್ರತಿಯೊಬ್ಬನೂ ಮದುವೆಮನೆಯ ಪಂಕ್ತಿಯನ್ನು ಬಿಟ್ಟು ಮನೆಯಲ್ಲಿ ಕುಳಿತಿರಬೇಕೆ? ಲಸಿಕೆಯು ತನಗೆ ಬೇಡವೆನ್ನುವವನ ಸ್ವಾತಂತ್ರ್ಯವೇನು?

ಈ ಒಂದು ರೋಗವು ಅಪರೂಪವೆಂಬುದು ನಿಜ. ಆದರೆ ಬೇಲಿ ತಗ್ಗಿದವರು ಅಪರೂಪವಲ್ಲ. ಮೂತ್ರಪಿಂಡವನ್ನು ಬದಲಿಸಿಕೊಂಡವರು, ಅರ್ಬುದದ ಚಿಕಿತ್ಸೆಯಲ್ಲಿರುವವರು, ಕೀಲುವಾತಕ್ಕೆ ಇದೇ ವರ್ಗದ ಮದ್ದನ್ನು ನುಂಗುತ್ತಿರುವವರು, ತಿಂಗಳು ತುಂಬದೆ ಹುಟ್ಟಿದ ಕೂಸುಗಳು, ಎಂಬತ್ತು ದಾಟಿದ ಅಜ್ಜಿಯರು, ಇವರನ್ನೆಲ್ಲ ಕೂಡಿಸಿದರೆ ಯಾವ ಬೀದಿಯಲ್ಲಿ ಒಬ್ಬರಾದರೂ ಇಲ್ಲ? ಅವರು ಯಾರೆಂಬುದು ಮುಖದಲ್ಲಿ ಬರೆದಿರುವುದಿಲ್ಲ. ಆದುದರಿಂದ ಇಲ್ಲಿಯ ಕರ್ತವ್ಯವು ಗುರುತು ಹಿಡಿದು ಸಲ್ಲಿಸುವ ಉಪಕಾರದಂತಹುದಲ್ಲ; ಯಾರು ಬರುವರೆಂದು ತಿಳಿಯದೆಯೇ ಬೇಸಿಗೆಯಲ್ಲಿ ಅರವಟ್ಟಿಗೆಯನ್ನು ಇಟ್ಟವನ ಕೆಲಸದಂತಹುದು. ಅರವಟ್ಟಿಗೆಯ ಮುಂದೆ ನಿಂತು, "ಈ ದಾರಿಯಲ್ಲಿ ಬಾಯಾರಿದವರು ದಿನಕ್ಕೆ ಎಷ್ಟು ಮಂದಿ?" ಎಂದು ಲೆಕ್ಕ ಕೇಳುವವರನ್ನು ಹಿಂದಿನವರು ವಿವೇಕಿಗಳೆಂದು ಎಣಿಸುತ್ತಿರಲಿಲ್ಲ. ಸ್ವಾತಂತ್ರ್ಯದ ಮಾತನ್ನು ಎತ್ತುವವನೂ ಒಂದನ್ನು ಮರೆಯುತ್ತಾನೆ. ರೋಗಿಯು ತನ್ನ ಬೇಲಿಯನ್ನು ತಗ್ಗಿಸಿಕೊಂಡುದು ವಿಲಾಸಕ್ಕಲ್ಲ. ಅವನಿಗೆ ಇದ್ದ ಇನ್ನೊಂದು ದಾರಿಯು ವಾಲ್ಟನ್ನನ ಐದು ತಿಂಗಳು. ಒಬ್ಬನಿಗೆ ಸಾವು, ಇನ್ನೊಬ್ಬನಿಗೆ ತೋಳಿನಲ್ಲಿ ಒಂದು ದಿನದ ನೋವು: ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಎರಡನ್ನೂ ಸ್ವಾತಂತ್ರ್ಯವೆಂದು ಕರೆದರೆ ಮಾತಿಗೆ ಅರ್ಥವುಳಿಯದು. ಮದುವೆಯ ಪಂಕ್ತಿಯ ಮಾತಾದರೋ, ಕೆಮ್ಮುತ್ತಿರುವವನು ಅಂದು ದೂರ ಕುಳಿತರೆ ಮದುವೆಯೇನೂ ನಿಲ್ಲುವುದಿಲ್ಲ.

ಹಣದ ಮಾತನ್ನೂ ಆಡದೆ ಇರುವಂತಿಲ್ಲ. ಈ ಮದ್ದಿನ ಸಮಾನದ್ರವ್ಯವನ್ನು 2007ರಲ್ಲಿಯೇ ಹೈದರಾಬಾದಿನ ಡಾಕ್ಟರ್ ರೆಡ್ಡೀಸ್ ಕಂಪನಿಯು ತಯಾರಿಸಿ ಮಾರಾಟಕ್ಕೆ ತಂದಿತು, ಬೆಲೆಯು ಇಳಿಯಿತು. ಇಳಿದರೂ ಕೂಲಿಯವನ ಕೈಗೆ ಎಟುಕುವಷ್ಟು ಇಳಿಯಲಿಲ್ಲ. ಸೈಕ್ಲೊಫಾಸ್ಫಮೈಡ್ ಅಗ್ಗ. ಹೀಗಾಗಿ ಯಥಾರ್ಹದಂಡವು ಉಳ್ಳವನ ಬೇಲಿಗೂ, ತೀಕ್ಷ್ಣದಂಡವು ಇಲ್ಲದವನ ಬೇಲಿಗೂ ಮೀಸಲಾಗುವುದು ಕೌಟಿಲ್ಯನು ಒಪ್ಪತಕ್ಕ ವ್ಯವಸ್ಥೆಯಂತೂ ಅಲ್ಲ.

ಚಿಕಿತ್ಸೆಯು ಮುಗಿಯಿತೆನ್ನುವ ದಿನವಾದರೂ ನಿಶ್ಚಿತವಾಗಿದೆಯೆ? ಫ್ರಾನ್ಸಿನಲ್ಲಿ 115 ಮಂದಿಯ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ರೋಗವು ಅಡಗಿದ ಮೇಲೆಯೂ ಆರಾರು ತಿಂಗಳಿಗೆ 500 ಮಿಲಿಗ್ರಾಮ್ ರಿಟುಕ್ಸಿಮ್ಯಾಬ್ ಪಡೆದವರಲ್ಲಿ 28 ತಿಂಗಳ ಕೊನೆಗೆ ನೂರಕ್ಕೆ 5 ಮಂದಿಗೆ ಮಾತ್ರ ರೋಗವು ಬಲವಾಗಿ ಮರಳಿತ್ತು. ಹಳೆಯ ಮಾತ್ರೆಯವರಲ್ಲಿ 29 ಮಂದಿಗೆ. ಹಾಗಾದರೆ ಎಷ್ಟು ವರ್ಷ ಕೊಡುತ್ತ ಹೋಗುವುದು? ನಿಲ್ಲಿಸಿದರೆ ಮಜ್ಜೆಯಲ್ಲಿ ಉಳಿದ ಬೀಜದಿಂದ ಹೊಸ ಕಣಗಳು ಹುಟ್ಟಿ, ಆರು ತಿಂಗಳಿಗೋ ಒಂದು ವರ್ಷಕ್ಕೋ ರಕ್ತದಲ್ಲಿ ಮತ್ತೆ ಕಾಣಿಸಿಕೊಳ್ಳುವುವು. ರಕ್ತಪರೀಕ್ಷೆಯ ಕಾಗದದಲ್ಲಿ ಅವುಗಳ ಸಂಖ್ಯೆಯು ಬರೆದಿರುತ್ತದೆ. ಅವು ಹಳೆಯ ಭ್ರಾಂತಿಯನ್ನೇ ಹೊತ್ತು ಬಂದಿವೆಯೋ, ಮರೆತು ಬಂದಿವೆಯೋ ಎಂಬುದು ಬರೆದಿರುವುದಿಲ್ಲ. ಆ ಕಾಗದವನ್ನು ನಡುವೆ ಇಟ್ಟುಕೊಂಡು ವೈದ್ಯನೂ ರೋಗಿಯೂ ಎದುರುಬದುರಾಗಿ ಕುಳಿತಿರುವರು. ಮತ್ತೊಮ್ಮೆ ಬೇಲಿಯನ್ನು ತಗ್ಗಿಸಬೇಕೋ, ನಿಂತದ್ದು ನಿಲ್ಲಲೆಂದು ಬಿಡಬೇಕೋ ಎಂದು ಈ ಬಾರಿ ಇಬ್ಬರೂ ಕೂಡಿಯೇ ಯೋಚಿಸಬೇಕಾಗಿದೆ.